ಯಾಕ್ ತೊಗಲಿನ ಪಟ್ಟಾ, ಎಮ್ಮಿ ತೊಗಲಿನ ಅಟ್ಟಿ: ನನ್ನ ಅನುಭವ

ಯಾಕ್ ಅಂದ್ರ ಟಿಬೆಟ, ಹಿಮಾಲಯದ ಕಡೆ ಇರೂ ಉದ್ದ ಕೂದಲಿನ ದನ, ಅದರ ತೊಗಲಿಲೆ ಕೊಲ್ಹಾಪುರಿ ಚಪ್ಪಲಿ ಮಾಡತೀನಿ ಅಂದಾಗ ನಮ್ಮ ಸಾಂಗ್ಲಿ ಜಿಲ್ಲಾದ ಜತ್ತ ಕಡೆ ನಕ್ಕವರೇ ಭಾಳ ಮಂದಿ. ಈಗ ಅವರೊಳಗ ಒಂದಿಬ್ಬರು ಫೋನ್ ಮಾಡಿ "ಎಲ್ಲಿಂದ ತರಸ್ತೀಪಾ, ರೇಟ ಏನೈತಿ" ಅಂತ ಕೇಳಾಕತ್ತಾರ, ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿ ಒಮ್ಮೆ ಬರದೇ ಬಿಡ್ತೀನಿ. ತೊಗಲು ಕೊಯ್ಯೂ ರಂಪಿಗಿ ಹಿಡಿಯೂದು, ಹೊಲಿಯೂದು, ಅಟ್ಟಿ (ಚಪ್ಪಲಿಯ ತಳ) ಬಡಿಯೂದು ಚಪ್ಪಲಿ ಮಾಡೂ ನಿಮಗ ಹೇಳಾಕ ಹೋಗೂದಿಲ್ಲ, ಅದು ನಿಮಗ ಗೊತ್ತಿದ್ದದ್ದ. ಈ ತೊಗಲು ಎಲ್ಲಿ ನಡೀತೈತಿ, ಎಲ್ಲಿ ಕೈ ಕೊಡತೈತಿ, ರೊಕ್ಕ ಎಷ್ಟು ಹೋತು ಎಷ್ಟು ಬಂತು, ಅಷ್ಟ ಹೇಳತೀನಿ.

2015ರಾಗ ಮಹಾರಾಷ್ಟ್ರದಾಗ ಎತ್ತು ಹೋರಿ ಕಡಿಯೂದು ಬಂದ್ ಆದ ಮ್ಯಾಲೆ ಕಾಲಿನ ಮ್ಯಾಲೆ ಬರೂ ಪಟ್ಟಿಗೆ, ಅಂದ್ರ ಪಟ್ಟಾಕ್ಕ, ಚಲೋ ತೊಗಲು ಸಿಗೂದು ಕಷ್ಟ ಆತು, ನಿಮಗೂ ಗೊತ್ತೈತಿ. ಅಟ್ಟಿಗೆ ಎಮ್ಮಿ ತೊಗಲು ಐತಿ, ಚಿಂತಿ ಇಲ್ಲ. ಪಟ್ಟಾಕ್ಕ ಆಡಿಂದು ಹಾಕಿದ್ರ ಉಂಗುಟದ (ಹೆಬ್ಬೆರಳು ತೂರಿಸೂ ಬಳಿ) ಹಂತ್ಯಾಕ ಹರೀತೈತಿ, ಎಮ್ಮಿಂದು ತೆಳ್ಳಗ ಸೀಳಿ ಹಾಕಿದ್ರ ಗಿರಾಕಿ ಕಾಲು ಕಡೀತೈತಿ ಅಂತ ವಾಪಸ್ ತರತಾನ. ಆವಾಗ ಮಿರಜದಾಗ ಚಳಿಗಾಲಕ್ಕ ಸ್ವೆಟರ್ ಮಾರಾಕ ಬರೂ ಟಿಬೆಟದ ಅಕ್ಕ ಒಬ್ಬಾಕಿ ಪರಿಚಯ ಇದ್ಲು, ಮುಂಡಗೋಡ ಕ್ಯಾಂಪಿನಾಕಿ, ಕನ್ನಡ ನನಗಿಂತ ಸ್ವಚ್ಛ. ಆಕಿ ಅಂದ್ಲು, ನಮ್ಮ ಹಿರ್ಯಾರು ಯಾಕ್ ತೊಗಲಿಲೆ ಬೂಟಿನ ಅಟ್ಟಿ ಮಾಡತಿದ್ರು, ಹೊಳಿ ದಾಟೂ ದೋಣಿನೂ ಅದರಲೇ ಮಾಡತಿದ್ರು ಅಂತ. ಕಟಗಿ ಚೌಕಟ್ಟಿಗೆ ಯಾಕ್ ತೊಗಲು ಹೊಲದು ಬಿಗಿಯೂದಂತ. ನಮ್ಮ ಕೃಷ್ಣಾ ಹೊಳ್ಯಾಗ ಹಿಂದ ಎಮ್ಮಿ ತೊಗಲಿನ ಹರಿಗೋಲು ಇರತಿದ್ದುವಲ್ಲ, ಅದೇ ಕೆಲಸ. ಹರಿಗೋಲಿಗೆ ತಡಿಯೂ ತೊಗಲು ಚಪ್ಪಲಿಗೆ ಯಾಕ ತಡಿಯೂದಿಲ್ಲ ಅಂತ ತಲ್ಯಾಗ ಹೊಕ್ಕಿತು.

ನಮ್ಮ ಮಾಮಾ ಒಂದ ಮಾತು ಅಂದ, "ಬರ್ಫದಾಗ ಇರೂ ದನದ ತೊಗಲು ನಮ್ಮ ಎರಿ ನೆಲದ ಬಿಸಲಿಗೆ ತಡದೀತೇನೋ ಮಗನ?" ಮಾಮಾ 40 ವರ್ಷ ಕಾಪಶಿ (ಕೊಲ್ಹಾಪುರಿಯೊಳಗಿನ ಒಂದು ತರ) ಚಪ್ಪಲಿ ಹೊಲದ ಮನಶ್ಯಾ, ಅವನ ಮಾತು ತಗದು ಹಾಕೂ ಹಂಗ ಇಲ್ಲ. ಆದ್ರ ಡೆನ್ಮಾರ್ಕಿನ ಎಕ್ಕೊ ಕಂಪನಿಯವರು ಗಾಲ್ಫ್ ಶೂಗೆ ಯಾಕ್ ತೊಗಲು ಹಾಕ್ಯಾರ, ಅವರೇನು ಹುಚ್ಚರೇನು?

ತೊಗಲಿನ ಕಾರ್ಖಾನಿ ಇರೂ ಕೋಲ್ಕತಾದ ಬಂತಲಾದಾಗ ಒಬ್ಬ ದಲಾಲ ಸಿಕ್ಕ, ಕ್ರೋಮ್ ಉಪ್ಪಿಲೆ ಹದ ಮಾಡಿದ ಯಾಕ್ ಕ್ರಸ್ಟ್ (ಹದ ಆಗಿ ಒಣಗಿದ, ಇನ್ನೂ ಬಣ್ಣ ಹೊಳಪು ಕೊಡದ ತೊಗಲು) ತರಿಸಿದೆ. ಚದರ ಫೂಟಿಗೆ ಸುಮಾರು 220 ರೂಪಾಯಿ ಬಿತ್ತು, ಪಾರ್ಸೆಲ್ ಬ್ಯಾರೆ. ಒಂದು ತೊಗಲು 18-20 ಫೂಟ ಬರತಾವು, ದೊಡ್ಡೂ ಅಲ್ಲ. ದಪ್ಪ 1.2 ಮಿಲಿಮೀಟರ ಆಸುಪಾಸು. ಕೈಯಾಗ ಹಿಡದ್ರ ಮೆತ್ತಗ, ಇದೇನು ಗಟ್ಟಿ ಅಂತ ನನಗೂ ಅನಸ್ತು. ಎರಡು ಬಟ್ಟು ಅಗಲ ಪಟ್ಟಿ ಕೊಯ್ದು, ತುದಿಗೆ ಆರಿಲೆ ತೂತ ಹೊಡದು, ತಂತಿ ಹಾಕಿ ಕಿರಾಣಿ ಅಂಗಡಿ ತೂಕದ ಕಲ್ಲು ತೂಗಬಿಟ್ಟೆ. ನಮ್ಮ ಹಳೇ ಸ್ಟಾಕಿನ ಎತ್ತಿನ ತೊಗಲು, ಅದು ಇದಕ್ಕಿಂತ ದಪ್ಪನೇ ಇತ್ತು, 15 ಕಿಲೋ ದಾಟೂದ್ರಾಗ ತೂತ ಸೀಳ್ತು. ಯಾಕಿಂದು 30ರ ಹತ್ತರ ತನಕ ತಡೀತು. ಎಕ್ಕೊ ಕಂಪನಿಯವರು ದನದ ತೊಗಲಿಗಿಂತ ಮೂರ್ಪಟ್ಟು ಗಟ್ಟಿ ಅಂತಾರ, ನನ್ನ ಕೈಲೆ ಬಂದದ್ದು ಎರಡು ಪಟ್ಟು. ಸಾಕಲ್ಲ.

ಈಗ ಲುಕ್ಸಾನಿನ ಕತಿ. ಮೊದಲ ಲಾಟಿನಾಗ ಅಟ್ಟಿನೂ ಯಾಕಿಂದ ಮಾಡಿದೆ, ನಾಕು ಪದರು ಕೂಡಿಸಿ. ನೋಡಾಕ ಚಂದ, ಎರಡು ವಾರದಾಗ ಅಂಚು ಹೊರಗ ಹರವಿಕೊಂಡು ನಿಂತ್ವು, ಹಿಮ್ಮಡಿ ಹಂತ್ಯಾಕ ತಗ್ಗು ಬಿತ್ತು. ಕ್ರೋಮ್ ತೊಗಲಿಗೆ ಆ ಬಿಗಿ ಇರೂದಿಲ್ಲ, ಎಷ್ಟು ಬಡದ್ರೂ ಕೂಡೂದಿಲ್ಲ. ಅಟ್ಟಿಗೆ ಜಾಲಿ ತೊಗಟಿಲೆ ಹದ ಮಾಡಿದ ಎಮ್ಮಿ ತೊಗಲ ಬೇಕು, ಅದರಾಗ ಎರಡನೇ ಮಾತಿಲ್ಲ. ಅಟ್ಟಿಗೆ ಯಾಕ್ ಹಾಕಬ್ಯಾಡ್ರಿ, ರೊಕ್ಕ ಹೊಳಿಗೆ ಚೆಲ್ಲಿದಂಗ.

ಆಮೇಲೆ ಬರೇ ಪಟ್ಟಾಕ್ಕ ಯಾಕ್ ಹಾಕಿ ಕೊಟ್ಟೆ. ಕಡಿಯೂದಿಲ್ಲ, ಮೊದಲ ದಿನದಿಂದ ಮೆತ್ತಗ, ಗಿರಾಕಿ ಖುಷಿ. ತಿಂಗಳಾದ ಮ್ಯಾಲೆ ಒಬ್ಬೊಬ್ಬರ ಬರಾಕ ಹತ್ತಿದ್ರು, "ಅಣ್ಣಾ, ಕಾಲು ಒಳಗ ಜಾರತೈತಿ" ಅಂತ. ಪಟ್ಟಾ ಜಗ್ಗಿ ಉದ್ದ ಆಗಿದ್ವು. ಹರದಿಲ್ಲ, ಬರೇ ಜಗ್ಗ್ಯಾವು, ಆದ್ರ ಗಿರಾಕಿಗೆ ಅದೇನ ಉಪಯೋಗ? ಎಲ್ಲಾ ವಾಪಸ್ ತಗೊಂಡು ಬ್ಯಾರೆ ಕೊಟ್ಟೆ. ಅಲ್ಲಿ ತನಕ ಹೆಚ್ಚುಕಡಿಮಿ 40 ಸಾವಿರ ಮಣ್ಣುಪಾಲು, ಕೊಲ್ಹಾಪುರದ ಒಬ್ಬ ವ್ಯಾಪಾರಿ ಅಂತೂ ಆರ್ಡರ್ ಕ್ಯಾನ್ಸಲ್ ಮಾಡಿ "ಇದು ಕೊಲ್ಹಾಪುರಿನೇ ಅಲ್ಲ" ಅಂದ.

ಅವನ ಮಾತು ಅರ್ಧ ಖರೇನೇ ಇತ್ತು. ಕ್ರೋಮ್ ತೊಗಲಿಗೆ ನಮ್ಮ ಚಪ್ಪಲಿಯ ಬಣ್ಣ, ವಾಸನಿ, ಹೊಳಪು ಬರೂದಿಲ್ಲ. ಆವಾಗ ತಲಿ ಓಡಿಸಿ ಆ ಕ್ರಸ್ಟನ್ನ ಮತ್ತ ನಾವು ತೊಗಲು ಹದ ಮಾಡೂ ರಸದಾಗ ಹಾಕಿದೆ, ಜಾಲಿ ತೊಗಟಿ ಮತ್ತ ಹಿರಡಾ (ಅಳಲೆಕಾಯಿ). ಸೀದಾ ಗಟ್ಟಿ ರಸದಾಗ ಹಾಕಿದ ತುಕಡಿ ಮುದುಕನ ಗಲ್ಲದಂಗ ಸುಕ್ಕು ಬಿದ್ದು, ಮಡಚಿದ್ರ ಮ್ಯಾಲಿನ ಪದರು ಸೀಳ್ತು. ಕ್ರೋಮಿನೊಳಗಿನ ಹುಳಿ ತಗೀಲಿಕ್ಕ ಬೇಕು, ಅದಕ್ಕ ಮೊದಲ ತಿನ್ನೂ ಸೋಡಾ ಹಾಕಿದ ತೆಳು ನೀರಾಗ ತೊಳಿಯೂದು, ಸ್ವಚ್ಛ ನೀರಾಗ ಮತ್ತ ತೊಳಿಯೂದು, ಆಮೇಲೆ ಹಳೇ ತಿಳಿ ರಸ, ಅದರ ಮ್ಯಾಲೆ ದಿನಾ ಸ್ವಲ್ಪ ಸ್ವಲ್ಪ ಹೊಸಾ ರಸ ಕೂಡಸೂದು. ನಾಕೈದು ದಿನ ಸಾಕು, ನಮ್ಮ ಎಮ್ಮಿ ತೊಗಲಿನಂಗ ವಾರಗಟ್ಟಲೆ ಬ್ಯಾಡ. ಕಡೀಗೆ ಹಿಂದಿನ ಮಗ್ಗಲಿಗೆ ಒಂದು ಎಣ್ಣಿ ಮತ್ತೊಂದು ವಸ್ತು ಕೂಡಿಸಿ ತಿಕ್ಕತೀನಿ, ಆ ವಸ್ತು ಯಾವುದು ಅಂತ ಕೇಳಬ್ಯಾಡ್ರಿ, ಅದರಲೇ ನನ್ನ ಹೊಟ್ಟಿ ನಡೀತೈತಿ.

ಹಸಿ ಇದ್ದಾಗನೇ ಹಲಗಿಗೆ ಜಗ್ಗಿ ಮೊಳಿ ಹೊಡದು ನೆರಳಾಗ ಒಣಗಸೂದು. ಕೊಯ್ಯೂದು ಬೆನ್ನಹುರಿಗೆ ಸಮಾಂತರ, ಅಡ್ಡ ಕೊಯ್ದ್ರ ಮತ್ತ ಜಗ್ಗತೈತಿ. ಹೊಟ್ಟಿ ಕಡೀಂದು ಪಟ್ಟಾಕ್ಕ ಬ್ಯಾಡ, ಚಪ್ಪಲಿ ಮ್ಯಾಲಿನ ವೇಣಿ (ತೊಗಲಿನ ಜಡಿ) ಹೆಣ್ಯಾಕ ಇಟಗೋರಿ. ಇಷ್ಟಾದ ಮ್ಯಾಲೆ ಅದೇ ತೊಗಲು ಬ್ಯಾರೇನೇ ಆಗತೈತಿ, ಬೆರಳಿಲೆ ತಿಕ್ಕಿದ್ರ ಹೊಳಪು ಬರತೈತಿ, ಮೆತ್ತಗೂ ಐತಿ, ಜಗ್ಗೂದೂ ಇಲ್ಲ, ಬೆವರೂ ಕುಡೀತೈತಿ.

ಪರೀಕ್ಷಾ ಮಾಡಾಕ ಆಷಾಢದ ವಾರಿಗಿಂತ ಚಲೋ ಏನೈತಿ? ಪಂಢರಪುರಕ್ಕ ನಡಕೊಂಡು ಹೋಗೂ ನಮ್ಮೂರ ದಿಂಡಿಯವರಿಗೆ ಕೆಲವು ಜೋಡು ಪುಕಟ ಕೊಟ್ಟೆ. ಮಳಿ, ರಾಡಿ, ಡಾಂಬರು, ಎಲ್ಲಾ. ವಾಪಸ್ ಬಂದಾಗ ಪಟ್ಟಾ ಒಂದೂ ಹರದಿದ್ದಿಲ್ಲ, ಉಂಗುಟ ಅಟ್ಟಿಯೊಳಗ ಹೊಗೂ ಜಾಗಾನೂ ಹಂಗ ಇತ್ತು. ಅಟ್ಟಿನೇ ಸವದಿತ್ತು! ಮಾಮಾ ಒಂದು ಚಪ್ಪಲಿ ತಿರಗಿಸಿ ಮುರಗಿಸಿ ನೋಡಿ, ಎರಡೂ ಕೈಲೆ ಪಟ್ಟಾ ಜಗ್ಗಿ ನೋಡಿ, ಏನೂ ಅನ್ನಲಿಲ್ಲ, ಮರುದಿನ ತನಗೊಂದು ಜೋಡು ಅಳತಿ ಕೊಟ್ಟು ಹೋದ.

ನಡಕ ಎರಡು ಆಟ ಆಡೀನಿ. ಒಂದು, ಮಾಡಗ್ಯಾಳ ಕುರಿ ತೊಗಲಿನ ಲೈನಿಂಗ್ ಕೊಟ್ಟು ನೋಡಿದೆ, ಭಾರಿ ಮೆತ್ತಗ, ಆದ್ರ ಕುರಿ ತೊಗಲು ಪದರು ಬಿಡತೈತಿ, ಬೆವರಿಗೆ ಸುಲದು ಬಂತು, ಬಿಟ್ಟೆ. ಎರಡನೇದು ಹಿಡೀತು. ತುಕ್ಕು ಹಿಡದ ಮೊಳಿ ನೀರಾಗ ನೆನಿ ಹಾಕಿ ಆ ನೀರು ರಸ ಕುಡದ ಪಟ್ಟಾಕ್ಕ ಒರಸಿದ್ರ ಕಣ್ಣ ಮುಂದ ಕರ್ರಗ ಆಗತೈತಿ, ಬಣ್ಣ ಕೊಳ್ಳೂ ಖರ್ಚ ಉಳೀತು. ಇದೇ ಕಾರಣಕ್ಕ ರಸ ಕಬ್ಬಿಣದ ಡ್ರಮ್ಮಿನಾಗ ಇಡಬ್ಯಾಡ್ರಿ, ಪ್ಲಾಸ್ಟಿಕ್ ಬಳಸ್ರಿ, ಇಲ್ಲಂದ್ರ ಬ್ಯಾಡಾದಲ್ಲಿ ಕರಿ ಕಲಿ ಬೀಳತಾವು. ನಮ್ಮ ಚಪ್ಪಲಿಯ ಆ ಎಳೇ ಹಳದಿ ಬಣ್ಣ ಮಾತ್ರ ಕ್ರೋಮ್ ಮ್ಯಾಲೆ ಬರವಲ್ದು, ಮಸುಕು ಖಾಕಿ ಬರತೈತಿ, ಹಂಗಾಗಿ ಕಂದು ಮತ್ತ ಕರಿ ಎರಡ ಮಾಡತೀನಿ.

ತೊಗಲು ತಗೊಳೂ ಮುಂದ ಬೆಳಕಿಗೆ ಹಿಡದು ನೋಡ್ರಿ. ಯಾಕಿನ ಬೆನ್ನಿನಾಗ ಒಂದ ಜಾತಿ ನೊಣದ ಹುಳ ಬೆಳದು ತೊಗಲು ಕೊರದು ಹೊರಗ ಬರತೈತಿ, ಸಣ್ಣ ಸಣ್ಣ ತೂತು, ಅದೂ ನಮಗ ಬೇಕಾದ ಬೆನ್ನಿನ ಭಾಗದಾಗನ. ನನಗ ಒಂದ ಲಾಟಿನಾಗ ಕಾಲುಭಾಗ ಹಿಂಗ ಹೋತು. ಎಮ್ಮಿ ಕರುವಿನ ತೊಗಲನ್ನ ಯಾಕ್ ಅಂತ ಮಾರವರೂ ಅದಾರ, ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ಕೂದಲ ತೂತ ನೋಡ್ರಿ, ಎಮ್ಮಿಗೆ ದೂರ ದೂರ ಇರತಾವು, ಯಾಕಿಗೆ ಒತ್ತಾಗಿ. ಬಿಲ್ಲಿನ ಮ್ಯಾಲೆ ಯಾಕ್ ಅಂತ ಸ್ಪಷ್ಟ ಬರಸ್ಕೋರಿ, ದಾರ್‍ಯಾಗ ಯಾರರೆ ಗಾಡಿ ನಿಂದರಿಸಿ ಇದು ಎತ್ತಿನ ತೊಗಲೇನು ಅಂತ ಕೇಳಿದ್ರ ತೋರಸಾಕ.

ಲೆಕ್ಕ ಹಿಂಗೈತಿ, ನೆನಪಿನ ಮ್ಯಾಲೆ ಹೇಳತೀನಿ. ಜೋಡಿಗೆ ಫೂಟ ಒಂದೂಕಾಲು ಯಾಕ್, ತೂತಿನ ಲುಕ್ಸಾನ ಸೇರಿ 350. ರಸ, ಸೋಡಾ, ಎಣ್ಣಿ 40-50. ಎಮ್ಮಿ ಅಟ್ಟಿ 250. ಕೂಲಿ 400. ಅಂದ್ರ 1,050. ಮೊದಲ 1,500ಕ್ಕ ಮಾರತಿದ್ದೆ, ಈಗ 2,200. 2025ರಾಗ ಇಟಲಿಯ ಫ್ಯಾಶನ್ ಕಂಪನಿ ಪ್ರಾಡಾದವರು ಮಿಲಾನಿನ್ಯಾಗ ಕೊಲ್ಹಾಪುರಿ ತರದ ಚಪ್ಪಲಿ ತೋರಿಸಿ ಗದ್ದಲ ಆದ ಮ್ಯಾಲೆ ಪುಣೆ ಬೆಂಗಳೂರಿನವರು ರೇಟ ಕೇಳಿ ಬೆಚ್ಚೂದಿಲ್ಲ. 2019ರಾಗ ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆ ನಮ್ಮ ಜಿಲ್ಲಾಕ್ಕ ಸಿಕ್ಕ ಜಿಐ (ಆ ಸೀಮಿಯ ಮಾಲಿಗೆ ಸರ್ಕಾರ ಕೊಡೂ ಗುರುತು) ಹೆಸರು ಮಾತ್ರ ಇದರ ಮ್ಯಾಲೆ ನಾನು ಹಾಕೂದಿಲ್ಲ. ಅದು ನಮ್ಮ ಹಳೇ ಪದ್ಧತಿ ಚಪ್ಪಲಿಗಿ ಕೊಟ್ಟದ್ದು, ಕ್ರೋಮ್ ಮುಟ್ಟಿದ ತೊಗಲಿಗೆ ಆ ಹೆಸರು ಹಚ್ಚಿ ಮಾರೂದು ಮೋಸ. "ಯಾಕ್ ಪಟ್ಟಾ" ಅಂತನ ಬರೀತೀನಿ, ಅದೇ ಹೆಸರಿಗೆ ಗಿರಾಕಿ ಬರತಾರ.

ದೀಪಾವಳಿ ಮುಂದ ಹೊಸ ಲಾಟ್ ತರಸಾಂವ ಅದೀನಿ. ಜತ್ತ, ಮಿರಜ, ಅಥಣಿ ಕಡಿಯವರು ಕೂಡಿದ್ರ ಪಾರ್ಸೆಲ್ ಖರ್ಚು ಹಂಚ್ಕೋಬಹುದು, ಆದ್ರ ಬೆನ್ನಿನ ಭಾಗ ಆರಿಸ್ಕೊಳ್ಳೂದು ಮೊದಲ ನಾನು.