ಚಳಿಗಿಂತ ಒಣಗಾಳಿಗೆ ಹೆದರಿ

ಭೂಖಂಡದ ಹವಾಮಾನ, ಅಂದರೆ ಕಡಲಿನಿಂದ ದೂರದ ಒಳನಾಡಿನ ಹವೆ ಇರುವ ಕಡೆ ಮನೆ ಮಾಡಲು ಹೊರಟವರು ಮೊದಲು ಕೇಳುವುದು ಚಳಿಯ ಬಗ್ಗೆ. ನಾನು ಅಲ್ಲಿ 20 ಚಳಿಗಾಲ ಕಂಡಿದ್ದೇನೆ. ಚಳಿಗೆ ಕೋಟು ಇದೆ, ಹೀಟರ್ ಇದೆ. ಮನೆಯನ್ನು ಹಾಳು ಮಾಡುವುದು ಒಣಗಾಳಿ, ಅದರ ಜೊತೆಗೆ ಹವೆಯ ಏರಿಳಿತ.

ಈ ಏರಿಳಿತಕ್ಕೆ ಕಾರಣ ಬಹಳ ಸುಲಭ. ಸಮುದ್ರ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ನೆಲಕ್ಕೆ ಆ ತಾಳ್ಮೆ ಇಲ್ಲ. ಹಾಗಾಗಿ ಕಡಲಿನಿಂದ ದೂರ, ಒಳನಾಡಿನಲ್ಲಿ ಬೇಸಿಗೆ ಸುಡುತ್ತದೆ, ಚಳಿಗಾಲ ಕೊರೆಯುತ್ತದೆ, ನಡುವಿನ ವಸಂತ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಕೆನಡಾದ ವಿನಿಪೆಗ್‌ನಲ್ಲಿ ಜನವರಿಯ ಸರಾಸರಿ ಸುಮಾರು ಮೈನಸ್ 16 ಡಿಗ್ರಿ, ಜುಲೈಯಲ್ಲಿ ಸುಮಾರು 20. ಸೈಬೀರಿಯಾದ ವರ್ಖೊಯಾನ್ಸ್ಕ್ 1892ರಲ್ಲಿ ಮೈನಸ್ 67.8 ಡಿಗ್ರಿ ಕಂಡಿತ್ತು, 2020ರ ಜೂನ್‌ನಲ್ಲಿ 38 ಡಿಗ್ರಿ. ಒಂದೇ ಊರು ಅಂದ್ರೆ ನಂಬೋಕೆ ಕಷ್ಟ, ಅಲ್ವಾ?

ಈಗ ಮನೆಯ ಮಾತು. ತಣ್ಣನೆ ಗಾಳಿ ಜಾಸ್ತಿ ನೀರು ಹಿಡಿದುಕೊಳ್ಳಲಾರದು. ಹೊರಗೆ ಸೊನ್ನೆ ಡಿಗ್ರಿಯಲ್ಲಿ ತೇವ ತುಂಬಿಕೊಂಡ ಗಾಳಿಯೇ ಒಳಗೆ ಬಂದು 20 ಡಿಗ್ರಿಗೆ ಕಾದರೆ, ಅದರ ತೇವಾಂಶ (ಅದು ಹಿಡಿಯಬಲ್ಲ ನೀರಿನಲ್ಲಿ ನಿಜಕ್ಕೂ ಇರುವ ಪಾಲು) ಶೇ 30ಕ್ಕಿಂತ ಕೆಳಗಿಳಿಯುತ್ತದೆ. ತುಟಿ ಒಡೆಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚಟ್ ಅಂತ ಶಾಕ್ ಹೊಡೆಯುತ್ತದೆ. ಮರ ಅಂತೂ ಕುಗ್ಗಿಹೋಗುತ್ತದೆ. ನಮ್ಮ ಬೀರುವಿನ ಬಾಗಿಲು ಒಂದು ಜುಲೈಯಲ್ಲಿ ಉಬ್ಬಿ, ಎಳೆದರೂ ಬರಲಿಲ್ಲ. ಸಿಟ್ಟು ಬಂದು ಅಂಚಿಗೆ ಕೀಸುಳಿ ಹಾಕಿಸಿದೆ. ಜನವರಿಯಲ್ಲಿ ನೋಡಿದರೆ ಆ ಸಂದಿನಲ್ಲಿ ನನ್ನ ಕಿರುಬೆರಳೇ ತೂರುತ್ತಿತ್ತು! ಬೇಸಿಗೆಯಲ್ಲಿ ಬಿಗಿಯಾದ ಮರದ ತಂಟೆಗೆ ಹೋಗಬೇಡಿ. ಚಳಿಗಾಲ ಬಂದರೆ ತಾನೇ ಸಡಿಲವಾಗುತ್ತದೆ. ಮರದ ಸಾಮಾನನ್ನು ಹೀಟರ್ ಪಕ್ಕ ಇಡಲೂ ಬೇಡಿ.

ತೇವಾಂಶ ತೋರಿಸುವ ಚಿಕ್ಕ ಮೀಟರ್ ಒಂದು ತಂದಿಟ್ಟುಕೊಳ್ಳಿ. ಚಳಿಗಾಲದಲ್ಲಿ ಶೇ 30ರಿಂದ 40 ಇದ್ದರೆ ಸಾಕು. ಒಗೆದ ಬಟ್ಟೆಯನ್ನು ಒಳಗೇ ಹರವಿ, ಗಾಳಿಗೆ ಪುಕ್ಕಟೆ ನೀರು ಸಿಗುತ್ತದೆ. ಆದರೆ ಕಿಟಕಿಯ ಗಾಜು ಬೆವರಿದರೆ ಅತಿಯಾಯಿತು ಅಂತ ಅರ್ಥ. ಹೊರಗೆ ಚಳಿ ಏರಿದಷ್ಟೂ ಒಳಗಿನ ತೇವ ಕಡಿಮೆ ಮಾಡಬೇಕು. ಗಾಜಿನ ಕೆಳಗೆ ನಿಂತ ನೀರನ್ನು ದಿನಾ ಬೆಳಗ್ಗೆ ಒರೆಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಗಾಳಿ ಬದಲಾಯಿಸಲು ಕಿಟಕಿಯನ್ನು ಗಂಟೆಗಟ್ಟಲೆ ಓರೆ ಮಾಡಿಡುವುದು ದಂಡ. ಐದು ನಿಮಿಷ ಪೂರ್ತಿ ತೆರೆದು ಮುಚ್ಚಿ. ಗಾಳಿ ಬದಲಾಗುತ್ತದೆ, ಗೋಡೆಯ ಬಿಸಿ ಹಾಗೇ ಉಳಿಯುತ್ತದೆ.

ನೀರಿನ ಪೈಪಿನ ವಿಷಯದಲ್ಲಿ ಮಾತ್ರ ಸೋಮಾರಿತನ ಬೇಡ. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಪೈಪು ಸೀಳುತ್ತದೆ. ಸೀಳಿದ್ದು ಗೊತ್ತಾಗುವುದು ಕರಗಿದ ಮೇಲೆ, ನೆಲವೆಲ್ಲ ನೀರಾದಾಗ. ಹೊರಗೋಡೆಗೆ ಅಂಟಿದ ಸಿಂಕ್ ಇದ್ದರೆ ಕಡುಚಳಿಯ ರಾತ್ರಿ ಅದರ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ನಲ್ಲಿಯಲ್ಲಿ ದಾರದಂತೆ ನೀರು ಬಿಡಿ. ಪೈಪು ಹೆಪ್ಪುಗಟ್ಟಿ ಕಟ್ಟಿಕೊಂಡರೆ ನಲ್ಲಿ ತೆರೆದೇ ಇಟ್ಟು, ನಲ್ಲಿಯ ಕಡೆಯಿಂದ ಪೈಪಿಗೆ ಹೇರ್ ಡ್ರೈಯರ್ ಹಿಡಿಯಿರಿ. ಬೆಂಕಿ ಹಿಡಿಯಲೇಬೇಡಿ. ಮನೆಯ ನೀರನ್ನೆಲ್ಲ ನಿಲ್ಲಿಸುವ ಮೇನ್ ವಾಲ್ವ್ ಎಲ್ಲಿದೆ ಅಂತ ಮನೆಗೆ ಬಂದ ದಿನವೇ ನೋಡಿಕೊಳ್ಳಿ.

ಹೊರಗಿನಿಂದ ಬಂದ ಕೂಡಲೇ ಲ್ಯಾಪ್‌ಟಾಪ್ ಚೀಲದಿಂದ ತೆಗೆಯಬೇಡಿ. ನಿಮ್ಮ ಕನ್ನಡಕ ಮಂಜಾಗುವುದನ್ನು ನೋಡಿದ್ದೀರಲ್ಲ, ಲ್ಯಾಪ್‌ಟಾಪಿನೊಳಗೂ ಅದೇ ಆಗುತ್ತದೆ. ಚೀಲದಲ್ಲೇ ಒಂದೆರಡು ಗಂಟೆ ಇರಲಿ.

ಬೇಸಿಗೆಗೆ ಉಪಾಯ ಜಾಸ್ತಿ ಬೇಕಿಲ್ಲ. ಒಣನೆಲ ರಾತ್ರಿ ಬೇಗ ತಣಿಯುತ್ತದೆ. ರಾತ್ರಿ ಕಿಟಕಿ ತೆರೆದು, ಬೆಳಗ್ಗೆ ಬಿಸಿಲೇರುವ ಮುಂಚೆ ಮುಚ್ಚಿ ಪರದೆ ಎಳೆದರೆ ಸಾಕು.

ಇನ್ನು ವಸಂತದಲ್ಲಿ ನಾಲ್ಕು ದಿನ ಬಿಸಿಲು ಬಂತು ಅಂತ ಉಣ್ಣೆ ಬಟ್ಟೆಯನ್ನೆಲ್ಲ ಪೆಟ್ಟಿಗೆಗೆ ಸೇರಿಸಬೇಡಿ. ನಾನಂತೂ ಒಂದು ಕೋಟನ್ನು ಬಾಗಿಲ ಹಿಂದಿನ ಗೂಟದಲ್ಲೇ ಬಿಟ್ಟಿರುತ್ತೇನೆ.