ವಿದೇಶಿ ಬ್ಯಾಂಕಿನ ನಾಡಿ ಹಿಡಿದು ನೋಡುವುದು ಹೇಗೆ?

ಅಭಿವೃದ್ಧಿಶೀಲ ದೇಶಗಳಲ್ಲಿ ವಿದೇಶಿ ಬ್ಯಾಂಕಿನ ಫಲಕ ಕಂಡರೆ ಸಾಕು, ಠೇವಣಿದಾರರಿಗೆ ಅರ್ಧ ಧೈರ್ಯ ಬಂದುಬಿಡುತ್ತದೆ. ಆ ಧೈರ್ಯಕ್ಕೆ ಆಧಾರವಿದೆಯೇ ಎಂಬುದನ್ನು ಬ್ಯಾಂಕಿನ ವಾರ್ಷಿಕ ವರದಿಯಲ್ಲಿ ಹುಡುಕಬೇಕು. ಆರಂಭದ ಬಣ್ಣದ ಪುಟಗಳನ್ನು ಬಿಟ್ಟು ಕೊನೆಯ ಟಿಪ್ಪಣಿಗಳಿಗೆ ಹೋಗಿ.

ಮೊದಲು, ಅದು ಶಾಖೆಯೋ ಅಂಗಸಂಸ್ಥೆಯೋ ನೋಡಿ. ಶಾಖೆಯಾದರೆ ಮೂಲ ಬ್ಯಾಂಕಿನ ಲೆಕ್ಕಪತ್ರವನ್ನೇ ಓದಬೇಕು. ಅದು ಮುಳುಗಿದರೆ ಇದೂ ಮುಳುಗುತ್ತದೆ. ಲಕ್ಸೆಂಬರ್ಗ್ ಮತ್ತು ಕೇಮನ್ ದ್ವೀಪಗಳಲ್ಲಿ ನೋಂದಣಿ, ಲಂಡನ್ನಿನಿಂದ ವ್ಯವಹಾರ ಎಂಬಂತಿದ್ದ ಬಿಸಿಸಿಐ (ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್) ಬ್ಯಾಂಕನ್ನು ಇಡಿಯಾಗಿ ಗಮನಿಸುವ ನಿಯಂತ್ರಕರೇ ಇರಲಿಲ್ಲ. 1991ರ ಜುಲೈನಲ್ಲಿ ಅದಕ್ಕೆ ಬೀಗ ಬಿದ್ದಾಗ ಹಲವು ಬಡ ದೇಶಗಳ ಠೇವಣಿದಾರರೂ ಸಿಕ್ಕಿಕೊಂಡರು. ಅಂಗಸಂಸ್ಥೆಗೆ ಸ್ವಂತ ಬಂಡವಾಳವಿರುತ್ತದೆ, ನಿಜ. ಆದರೆ ಕಷ್ಟ ಬಂದಾಗ ಮಾತೃಸಂಸ್ಥೆ ಕೈಹಿಡಿದೇ ತೀರುತ್ತದೆ ಎಂದು ನಂಬಬೇಡಿ. 2002ರಲ್ಲಿ ಫ್ರಾನ್ಸಿನ ಕ್ರೆಡಿ ಅಗ್ರಿಕೋಲ್ ಅರ್ಜೆಂಟೀನಾದ ತನ್ನ ಮೂರು ಬ್ಯಾಂಕುಗಳನ್ನು ಬಿಟ್ಟು ಹೊರನಡೆಯಿತು.

ಬಂಡವಾಳದ ಅಳತೆ ಸುಲಭ. ಅಪಾಯಕ್ಕೆ ತಕ್ಕಂತೆ ತೂಗಿದ ಆಸ್ತಿಯ, ಅಂದರೆ ಕೊಟ್ಟ ಸಾಲ, ಹೂಡಿಕೆಗಳ, ಕನಿಷ್ಠ ಶೇ 8ರಷ್ಟು ಬಂಡವಾಳ ಇರಬೇಕು. ಬ್ಯಾಂಕುಗಳ ಅಂತರರಾಷ್ಟ್ರೀಯ ನಿಯಮಾವಳಿಯಾದ ಬಾಸೆಲ್-3ರ ಹೆಚ್ಚುವರಿ ಶೇ 2.5 ಸೇರಿದರೆ ಶೇ 10.5.

ಮೋಸ ಹೋಗುವುದು ಇದರ ಮುಂದಿನ ಹಂತದಲ್ಲಿ. ಸಾಲ 100 ಕೋಟಿ, ಅದರಲ್ಲಿ 90 ದಿನ ಮೀರಿಯೂ ಕಂತು ಬಾರದ ಸಾಲ 8 ಕೋಟಿ, ಅದಕ್ಕೆಂದು ತೆಗೆದಿರಿಸಿದ ಹಣ 3 ಕೋಟಿ ಎಂದುಕೊಳ್ಳಿ. ಉಳಿದ 5 ಕೋಟಿಗೆ ರಕ್ಷಣೆಯೇ ಇಲ್ಲ. ಬಂಡವಾಳ 10 ಕೋಟಿಯಾಗಿದ್ದು, ಆ ಸಾಲದಿಂದ ಏನೂ ವಸೂಲಾಗದಿದ್ದರೆ ಅರ್ಧ ಬಂಡವಾಳ ಕರಗಿತೆಂದೇ ಲೆಕ್ಕ. ವಸೂಲಾಗದ ಸಾಲ ಇಳಿದಂತೆ ಕಂಡರೂ ಅದೇ ವರ್ಷ ‘ಮರುಹೊಂದಾಣಿಕೆ’ ಮಾಡಿದ ಸಾಲ ಏರಿದೆಯೇ ನೋಡಿ. ಹಳೆಯ ಬಾಕಿಗೆ ಹೊಸ ಗಡುವು ಕೊಟ್ಟು ಆರೋಗ್ಯ ತೋರಿಸುವುದು ಹಳೆಯ ಉಪಾಯ.

ಸಾಲ ಯಾವ ನಾಣ್ಯದಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಸ್ಥಳೀಯ ನಾಣ್ಯದಲ್ಲಿ ಗಳಿಸುವವನಿಗೆ ಡಾಲರ್ ಸಾಲ ಕೊಟ್ಟಿದ್ದರೆ, ನಾಣ್ಯ ಕುಸಿದ ದಿನವೇ ಅವನ ಹೊರೆ ಉಬ್ಬುತ್ತದೆ. 1997ರಲ್ಲಿ ಥಾಯ್ಲೆಂಡ್‌ನಲ್ಲಿ ಅಲ್ಲಿನ ನಾಣ್ಯ ಬಾತ್ ಕುಸಿದಾಗ ಆದದ್ದು ಇದೇ. ಬ್ಯಾಂಕಿನ ಪುಸ್ತಕದಲ್ಲಿ ಡಾಲರ್ ಸಾಲ, ಡಾಲರ್ ಠೇವಣಿ ಸರಿದೂಗಿದಂತೆ ಕಂಡರೂ ಅಪಾಯ ಸಾಲಗಾರನ ಮನೆಯಲ್ಲಿ ಕುಳಿತಿರುತ್ತದೆ.

ಲಾಭ, ಆಡಳಿತ ವೆಚ್ಚಗಳನ್ನು ಮೂರು ವರ್ಷಗಳ ವರದಿ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಸಾಕು.

ಕೊನೆಗೆ, ಟಿಪ್ಪಣಿಗಳಲ್ಲಿ ‘ಪ್ರಧಾನ ಕಚೇರಿಯಿಂದ ಬರಬೇಕಾದದ್ದು’ ಎಂಬ ಸಾಲಿಗೆ ಬೆರಳಿಡಿ. ಸ್ಥಳೀಯರ ಠೇವಣಿ ಮೂಲ ದೇಶಕ್ಕೆ ಎಷ್ಟು ಹರಿದಿದೆ ಎಂಬುದನ್ನು ಅದು ಹೇಳುತ್ತದೆ. ವರ್ಷದಿಂದ ವರ್ಷಕ್ಕೆ ಆ ಮೊತ್ತ ಬೆಳೆಯುತ್ತಿದ್ದರೆ, ಹಣ ಇಡುವ ಮೊದಲೇ ಕಾರಣ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.