ಕಾಡ್ಗಿಚ್ಚಿನ ನಕ್ಷೆಯ ಕೆಂಪು ಚುಕ್ಕೆಯನ್ನು ಓದುವ ಕ್ರಮ

ಬೇಸಿಗೆಯ ಹೊಸ್ತಿಲಲ್ಲಿ, ಬಂಡೀಪುರದ ಎಲೆಯುದುರಿದ ಕಾಡು ಒಣಗಿ ನಿಂತ ದಿನಗಳಲ್ಲಿ, ಉಪಗ್ರಹಗಳು ಗುರುತಿಸಿದ ಬೆಂಕಿಯನ್ನು ತೋರಿಸುವ ನಾಸಾದ ಫರ್ಮ್ಸ್ ಎಂಬ ಅಂತರಜಾಲ ನಕ್ಷೆಯ ಮೇಲೆ ಕೆಂಪು ಚುಕ್ಕೆಯೊಂದು ಕಂಡರೆ ಎದೆ ಝಲ್ಲೆನ್ನುವುದು ಸಹಜ. ಆದರೆ ಕಾಡು ಹೊತ್ತಿಕೊಂಡಿದೆ ಎಂದು ನಾಲ್ಕು ಜನರಿಗೆ ತಿಳಿಸುವ ಮೊದಲು ಆ ಚುಕ್ಕೆಯನ್ನು ಒತ್ತಿ, ಅದನ್ನು ಯಾವ ಉಪಗ್ರಹ, ಯಾವಾಗ, ಎಷ್ಟು ಖಚಿತವಾಗಿ ಗುರುತಿಸಿದೆ ಎಂಬುದನ್ನು ಓದಬೇಕು.

ಮೊದಲು ಉಪಕರಣದ ಹೆಸರನ್ನು ನೋಡಿ. 1999ರಲ್ಲಿ ಹಾರಿದ ಟೆರ್ರಾ ಮತ್ತು 2002ರಲ್ಲಿ ಹಾರಿದ ಆಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣವು ನೆಲವನ್ನು ಸುಮಾರು 1 ಕಿ.ಮೀ. ಅಗಲದ ಚೌಕಗಳಾಗಿ ಕಾಣುತ್ತದೆ. ಸುವೋಮಿ ಎನ್‌ಪಿಪಿ, ನೋವಾ-20 ಮತ್ತು ನೋವಾ-21ರಲ್ಲಿರುವ ವೀರ್ಸ್ ಉಪಕರಣದ ಚೌಕವು 375 ಮೀಟರಿನದು. ಚುಕ್ಕೆಯನ್ನು ಇಡುವುದು ಈ ಚೌಕದ ನಡುವೆ, ಬೆಂಕಿ ಇರುವುದು ಅದರೊಳಗೆ ಎಲ್ಲಾದರೂ. ಆದ್ದರಿಂದ ಚುಕ್ಕೆಯಿಂದ ಹಾಡಿಗೆ (ಬುಡಕಟ್ಟು ಜನರ ವಸತಿಗೆ) ಎಷ್ಟು ದೂರ ಎಂದು ಅಳೆದು ನಿಶ್ಚಿಂತರಾಗುವುದು ಅಪಾಯಕರ.

ಇನ್ನು ಸಮಯ. ದತ್ತಾಂಶದಲ್ಲಿ ನಮೂದಾಗಿರುವುದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ವೇಳೆಯಾದ್ದರಿಂದ ಅದಕ್ಕೆ ಐದೂವರೆ ಗಂಟೆ ಸೇರಿಸಿಕೊಳ್ಳಿ: 08:00 ಎಂದಿದ್ದರೆ ನಮ್ಮಲ್ಲಿ ಮಧ್ಯಾಹ್ನ ಒಂದೂವರೆ. ವೀರ್ಸ್ ಹೊತ್ತ ಉಪಗ್ರಹಗಳು ಮಧ್ಯಾಹ್ನ ಮತ್ತು ನಡುರಾತ್ರಿ, ಹೆಚ್ಚುಕಡಿಮೆ ಇದೇ ಹೊತ್ತಿಗೆ ಹಾದುಹೋಗುತ್ತವೆ. ಹಾದುಹೋದ ಮೇಲೆ ಮಾಹಿತಿ ನಕ್ಷೆಗೆ ಬರಲು ಮೂರು ತಾಸಿನಷ್ಟು ಸಮಯ ಹಿಡಿಯಬಹುದು. ಸಂಜೆ ಐದಕ್ಕೆ ಹೊತ್ತಿ ಹತ್ತಕ್ಕೆ ಆರಿದ ಬೆಂಕಿ ಇವುಗಳ ಕಣ್ಣಿಗೆ ಬೀಳುವುದೇ ಇಲ್ಲ. ಮೋಡ, ದಟ್ಟ ಹೊಗೆ, ಹಸಿರು ಮೇಲ್ಛಾವಣಿಯ ಅಡಿಯಲ್ಲಿ ತರಗೆಲೆಯನ್ನಷ್ಟೇ ಸುಡುತ್ತ ಹರಿಯುವ ನೆಲಬೆಂಕಿ ಇವೂ ಉಪಗ್ರಹವನ್ನು ವಂಚಿಸುತ್ತವೆ. ಚುಕ್ಕೆಯಿಲ್ಲದ ನಕ್ಷೆಯನ್ನು ಬೆಂಕಿಯಿಲ್ಲದ ಕಾಡೆಂದು ಓದಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಖಚಿತತೆಯನ್ನು ಮೋಡಿಸ್ 0ರಿಂದ 100ರವರೆಗಿನ ಅಂಕಿಯಲ್ಲಿಯೂ, ವೀರ್ಸ್ ಕಡಿಮೆ, ಸಾಧಾರಣ, ಹೆಚ್ಚು ಎಂಬ ಮೂರು ದರ್ಜೆಗಳಲ್ಲಿಯೂ ಕೊಡುತ್ತವೆ. ಹಗಲಿನ ಕಡಿಮೆ ದರ್ಜೆಯ ಚುಕ್ಕೆ ನೀರಿನ ಮೇಲೆ ಹೊಳೆದ ಬಿಸಿಲೂ ಆಗಿರಬಹುದು. ಅಲ್ಲದೆ ಉಪಕರಣವು ಗುರುತಿಸುವುದು ಸುತ್ತಲಿನ ನೆಲಕ್ಕಿಂತ ಅಸಹಜವಾಗಿ ಬಿಸಿಯಾದ ಜಾಗವನ್ನು, ಕಾಡನ್ನಲ್ಲ; ತೋರಣಗಲ್ಲಿನ ಉಕ್ಕಿನ ಕುಲುಮೆಯೂ ಪಂಜಾಬಿನ ಭತ್ತದ ಕೂಳೆಗೆ ಇಟ್ಟ ಬೆಂಕಿಯೂ ಅದಕ್ಕೆ ಒಂದೇ. ಒಂದೇ ಜಾಗದಲ್ಲಿ ವರ್ಷವಿಡೀ ಚುಕ್ಕೆ ಮೂಡುತ್ತಿದ್ದರೆ ಅಲ್ಲಿ ಕಾರ್ಖಾನೆ ಇದೆಯೇ ಎಂದು ಉಪಗ್ರಹ ಚಿತ್ರದಲ್ಲಿ ಪರಿಶೀಲಿಸಿ.

ಈ ಜರಡಿ ಹಿಡಿಯುವ ಕೆಲಸವನ್ನು ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಮಾಡುತ್ತಿದೆ. ಇದೇ ಉಪಗ್ರಹಗಳ ಚುಕ್ಕೆಗಳನ್ನು ಅರಣ್ಯದ ಗಡಿಗಳೊಂದಿಗೆ ಹೊಂದಿಸಿ, ಹೆಸರು ನೋಂದಾಯಿಸಿದವರಿಗೆ ಎಚ್ಚರಿಕೆ ಕಳುಹಿಸುತ್ತದೆ. ಕಾಡಂಚಿನಲ್ಲಿ ವಾಸಿಸುವವರು ನಕ್ಷೆಯನ್ನು ಕಾಯುತ್ತ ಕೂರುವುದಕ್ಕಿಂತ ಅಲ್ಲಿ ನೋಂದಾಯಿಸಿಕೊಳ್ಳುವುದು ಉತ್ತಮ.

ಎಷ್ಟು ಎಕರೆ ಸುಟ್ಟಿತು ಎಂಬ ಲೆಕ್ಕಕ್ಕೆ ಮಾತ್ರ ಚುಕ್ಕೆಗಳನ್ನು ಎಣಿಸಬೇಡಿ. ಅದಕ್ಕೆ ಬೆಂಕಿಯ ಮೊದಲಿನ ಮತ್ತು ನಂತರದ, ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ತೆಗೆದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ಕಪ್ಪಾದ ನೆಲದ ಅಂಚನ್ನು ಗುರುತಿಸಿ ಅಳೆಯಬೇಕು.